ನಿಮಗಿದು ಗೊತ್ತೇ? ಹಳೆಯ ಖಾನೇಷುಮಾರಿಯಲ್ಲಿ ಹಿರಿಯರ ಹೆಸರು

● ಒಂದು ಇಡೀ ದೇಶದ ಪ್ರತಿಯೊಬ್ಬರ ಹೆಸರನ್ನೂ ಬರೆದಿಟ್ಟ ಅತಿ ಹಳೆಯ ಜನಗಣತಿ ಐಸ್‌ಲ್ಯಾಂಡಿನದು. 1703ರಲ್ಲಿ ಆ ದ್ವೀಪದಲ್ಲಿದ್ದವರು 50,358 ಮಂದಿ. ಮನೆಯ ಯಜಮಾನ, ಹೆಂಡತಿ, ಮಕ್ಕಳು, ಆಳುಗಳು ಎಲ್ಲರೂ ವಯಸ್ಸಿನ ಸಮೇತ ಇದ್ದಾರೆ. ನೆಲೆಯಿಲ್ಲದೆ ಅಲೆಯುತ್ತಿದ್ದ ಬಡವರನ್ನೂ ಬಿಟ್ಟಿಲ್ಲ. 2013ರಲ್ಲಿ ಯುನೆಸ್ಕೊ ಇದನ್ನು ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿತು. ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಹುಡುಕಬಹುದು.

● ಎಲ್ಲ ದೇಶಗಳೂ ಇಷ್ಟು ಉದಾರವಾಗಿರಲಿಲ್ಲ. ಬ್ರಿಟನ್ 1801ರಲ್ಲೇ ಗಣತಿ ಶುರುಮಾಡಿದರೂ ಮೊದಲ ನಾಲ್ಕು ಗಣತಿಗಳು ಬಹುತೇಕ ಬರೀ ತಲೆಯೆಣಿಕೆ. ಪ್ರತಿಯೊಬ್ಬರ ಹೆಸರು ಬಂದದ್ದು 1841ರಲ್ಲಿ. ಅಮೆರಿಕದ ಮೊದಲ ಗಣತಿ 1790ರದ್ದು. ಅಲ್ಲಿ 1840ರವರೆಗೂ ಮನೆಯ ಯಜಮಾನನಿಗೆ ಮಾತ್ರ ಹೆಸರು, ಮಿಕ್ಕವರು ಬರೀ ಅಂಕಿ. ಹುಡುಕಲು ಹೊರಡುವ ಮುಂಚೆ ಇದನ್ನು ತಿಳಿದಿದ್ದರೆ ಎಷ್ಟೋ ಸಂಜೆಗಳು ಉಳಿಯುತ್ತವೆ. ಹಳೆಯ ಗಣತಿಯಲ್ಲಿ ಯಾರು ಸಿಗುತ್ತಾರೆ ಎನ್ನುವುದು, ಆ ಕಾಲ ಯಾರನ್ನು ಹೆಸರಿಗೆ ಯೋಗ್ಯರೆಂದು ಕಂಡಿತ್ತು ಎಂಬುದರ ಮೇಲೆ ನಿಂತಿದೆ.

● 1841ರ ಬ್ರಿಟಿಷ್ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಸೂಚನೆಯಿತ್ತು. 34 ವರ್ಷದವನು 30 ಆಗುತ್ತಾನೆ, 59ರವಳು 55. ಹತ್ತು ವರ್ಷದ ನಂತರದ ಗಣತಿಯಲ್ಲಿ ಅದೇ ಮನುಷ್ಯನಿಗೆ 14 ವರ್ಷ ಹೆಚ್ಚಾಗಿ ಕಂಡರೆ ಬೇರೆ ಯಾರೋ ಎಂದುಕೊಂಡು ಕೈಬಿಡಬೇಡಿ.

● ಬ್ರಿಟನ್ನಿನಲ್ಲಿ 1851ರಿಂದ ಎರಡು ಅಮೂಲ್ಯ ಕಾಲಂಗಳು ಸೇರಿದವು: ಯಜಮಾನನಿಗೆ ಏನಾಗಬೇಕು ಮತ್ತು ಹುಟ್ಟಿದ್ದು ಯಾವ ಊರಿನಲ್ಲಿ. ಅಮೆರಿಕದಲ್ಲಿ ಸಂಬಂಧದ ಕಾಲಂ ಬರಲು 1880 ಆಗಬೇಕಾಯಿತು. ಅದಕ್ಕೂ ಹಿಂದಿನ ಅಮೆರಿಕದ ಹಾಳೆಯಲ್ಲಿ ಒಂದೇ ಮನೆಯಲ್ಲಿರುವ ಹುಡುಗಿ ಮಗಳೋ ಸೊಸೆಯೋ ಕೆಲಸದವಳೋ ಎಂದು ಹಾಳೆಯೊಂದನ್ನೇ ನೋಡಿ ಹೇಳಲಾಗದು.

● ಬ್ರಿಟಿಷ್ ಗಣತಿ ಹಿಡಿದಿಡುವುದು ಒಂದು ರಾತ್ರಿಯನ್ನು. ಆ ರಾತ್ರಿ ಯಾರು ಯಾವ ಸೂರಿನಡಿ ಮಲಗಿದ್ದರೋ ಅವರ ಹೆಸರು ಅಲ್ಲಿ. ಅಜ್ಜಿಯ ಮನೆಗೆ ಹೋಗಿದ್ದ ಮಗು ಅಜ್ಜಿಯ ಮನೆಯ ಹಾಳೆಯಲ್ಲಿ ಇರುತ್ತದೆ, ಬಂದರಿನ ಹಡಗಿನಲ್ಲಿದ್ದ ನಾವಿಕ ಹಡಗಿನ ಹಾಳೆಯಲ್ಲಿ. ಸೆರೆಮನೆಗಳಲ್ಲೂ ಮನೋರೋಗಿಗಳ ಆಸ್ಪತ್ರೆಗಳಲ್ಲೂ ಎಷ್ಟೋ ಕಡೆ ಪೂರ್ತಿ ಹೆಸರು ಬರೆಯದೆ ಮೊದಲಕ್ಷರಗಳನ್ನಷ್ಟೇ ಬರೆದರು. ಮನೆಯ ಪಟ್ಟಿಯಿಂದ ಒಬ್ಬರು ಕಾಣೆಯಾಗಿದ್ದರೆ ಸತ್ತರೆಂದು ತೀರ್ಮಾನಿಸುವ ಮೊದಲು ಈ ಕಟ್ಟಡಗಳ ಪುಟಗಳನ್ನೂ ತಿರುವಿ ಹಾಕಬೇಕು.

● ಬೇಕೆಂದೇ ಗಣತಿಯಿಂದ ತಪ್ಪಿಸಿಕೊಂಡವರೂ ಇದ್ದಾರೆ. 1911ರ ಏಪ್ರಿಲ್ 2ರ ರಾತ್ರಿ ಇಂಗ್ಲೆಂಡಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರು ‘ವೋಟಿಲ್ಲದಿದ್ದರೆ ಲೆಕ್ಕವೂ ಇಲ್ಲ’ ಎಂದು ಮನೆ ಬಿಟ್ಟು ಹೊರಗೇ ರಾತ್ರಿ ಕಳೆದರು. ಎಮಿಲಿ ವೈಲ್ಡಿಂಗ್ ಡೇವಿಸನ್ ಮಾಡಿದ್ದು ಇನ್ನೂ ದಿಟ್ಟತನದ ಕೆಲಸ. ಅವರು ಸಂಸತ್ ಭವನದ ನೆಲಮಾಳಿಗೆಯಲ್ಲಿನ ಪ್ರಾರ್ಥನಾ ಮಂದಿರದ ಬೀರುವೊಂದರಲ್ಲಿ ಅಡಗಿ ಕುಳಿತರು. ಸಿಕ್ಕಿಬಿದ್ದಾಗ ಅಧಿಕಾರಿಗಳು ಅವರ ಹೆಸರನ್ನು ಗಣತಿಗೆ ಸೇರಿಸಿದರು, ವಿಳಾಸ ವೆಸ್ಟ್‌ಮಿನ್‌ಸ್ಟರ್ ಅರಮನೆ. ಮಹಿಳೆ ಸದಸ್ಯೆಯಾಗಲು ಅವಕಾಶವೇ ಇಲ್ಲದಿದ್ದ ಸಂಸತ್ತಿನ ವಿಳಾಸವನ್ನು ಸರ್ಕಾರವೇ ಅವರ ಹೆಸರಿನ ಮುಂದೆ ಬರೆದುಕೊಟ್ಟಿತು. ಆ ಹಾಳೆಯನ್ನು ಇಂದು ಜಾಲದಲ್ಲಿ ನೋಡಬಹುದು.

● ಅದೇ 1911ರ ಗಣತಿಯಲ್ಲಿ ಮನೆಯವರೇ ತುಂಬಿದ ಹಾಳೆಗಳು ಉಳಿದುಕೊಂಡಿವೆ. ಹಿಂದಿನ ಗಣತಿಗಳಲ್ಲಿ ಸಿಗುವುದು ಗಣತಿದಾರ ನಕಲು ಮಾಡಿದ ಪುಸ್ತಕ. ಇಲ್ಲಿ ಸಿಗುವುದು ಮುತ್ತಜ್ಜನ ಸ್ವಂತ ಕೈಬರಹ, ಕೆಳಗೆ ಅವನದೇ ಸಹಿ. ಆ ವರ್ಷ ವಿವಾಹಿತ ಹೆಂಗಸರಿಗೆ ಹೊಸ ಪ್ರಶ್ನೆಗಳಿದ್ದವು: ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು. ವಿಧವೆಯರು ಉತ್ತರಿಸಬೇಕಿರಲಿಲ್ಲ, ಆದರೂ ಎಷ್ಟೋ ಮನೆಗಳಲ್ಲಿ ಬರೆದರು. ಕಚೇರಿಯವರು ಅದರ ಮೇಲೆ ಗೀಟು ಎಳೆದರು; ಕೆಳಗಿನ ಅಂಕಿ ಮಾತ್ರ ಈಗಲೂ ಓದಬರುತ್ತದೆ. ಎಳವೆಯಲ್ಲೇ ಹೋದ, ಬೇರೆ ಯಾವ ಗಣತಿಗೂ ಸಿಗದ ಮಕ್ಕಳ ಸುಳಿವು ಇರುವುದು ಆ ಗೀಟಿನಡಿಯಲ್ಲಿ. ಹಳೆಯ ಗಣತಿಗಳಲ್ಲಿ ನನ್ನ ಮನಸ್ಸನ್ನು ಇಷ್ಟು ಹಿಡಿದು ನಿಲ್ಲಿಸುವ ಕಾಲಂ ಇನ್ನೊಂದಿಲ್ಲ.

● ಗಣತಿಯ ಹಾಳೆಗಳು ಎಷ್ಟು ಕಾಲ ಮುಚ್ಚಿರಬೇಕು? ಬ್ರಿಟನ್ನಿನಲ್ಲಿ 100 ವರ್ಷ, ಕೆನಡಾದಲ್ಲಿ 92, ಅಮೆರಿಕದಲ್ಲಿ 72. ಅಮೆರಿಕದ 1950ರ ಗಣತಿ 2022ರ ಏಪ್ರಿಲ್ 1ರಂದು ತೆರೆದುಕೊಂಡಿತು. ಕೆನಡಾದ 1931ರದ್ದು 2023ರ ಜೂನ್ 1ರಂದು.

● 2002ರ ಜನವರಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ 1901ರ ಗಣತಿಯನ್ನು ಜಾಲದಲ್ಲಿ ಬಿಟ್ಟಾಗ ಲಕ್ಷಾಂತರ ಜನ ಒಮ್ಮೆಲೇ ಮುಗಿಬಿದ್ದು ತಾಣ ಕುಸಿಯಿತು. ಮತ್ತೆ ಸರಿಯಾಗಿ ತೆರೆಯಲು ತಿಂಗಳುಗಳೇ ಹಿಡಿದವು. ಅಜ್ಜ-ಅಜ್ಜಿಯರ ಹೆಸರು ನೋಡಬೇಕೆಂಬ ಹಂಬಲ ಎಷ್ಟು ದೊಡ್ಡದೆಂಬುದು ಸರ್ಕಾರದವರಿಗೆ ಅಂದೇ ಅರ್ಥವಾದದ್ದು.

ಬೆಂಕಿಗೆ ಹೋದವು, ರದ್ದಿಗೆ ಹೋದವು

● ಅಮೆರಿಕದ 1890ರ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕವರು ಸುಮಾರು 6.3 ಕೋಟಿ ಜನ. ಇಂದು ಹೆಸರು ಉಳಿದಿರುವುದು ಆರು ಸಾವಿರ ಚಿಲ್ಲರೆ ಜನರದ್ದು. 1921ರ ಜನವರಿ 10ರಂದು ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದ ನೆಲಮಾಳಿಗೆಗೆ ಬೆಂಕಿ ಬಿತ್ತು. ಕಾಲು ಭಾಗದಷ್ಟು ಸುಟ್ಟಿತು, ಉಳಿದದ್ದರಲ್ಲಿ ಬಹಳಷ್ಟು ನೀರಿನಲ್ಲಿ ನೆನೆಯಿತು. ನೆನೆದದ್ದನ್ನು ಉಳಿಸಿಕೊಳ್ಳಬಹುದಿತ್ತು. ವರ್ಷಗಟ್ಟಲೆ ಹಾಗೇ ಬಿದ್ದಿದ್ದ ಆ ರಾಶಿಯನ್ನು ನಾಶಮಾಡಲು ಅಲ್ಲಿನ ಸಂಸತ್ತು 1933ರ ಫೆಬ್ರವರಿ 21ರಂದು ಒಪ್ಪಿಗೆ ಕೊಟ್ಟಿತು. ಅದರ ಹಿಂದಿನ ದಿನವಷ್ಟೇ ಅಧ್ಯಕ್ಷ ಹೂವರ್ ಇಂಥ ಕಡತಗಳನ್ನು ಕಾಪಾಡುವ ರಾಷ್ಟ್ರೀಯ ಪತ್ರಾಗಾರದ ಕಟ್ಟಡಕ್ಕೆ ಅಡಿಗಲ್ಲು ಇಟ್ಟಿದ್ದರು.

● ಐರ್ಲೆಂಡಿನ ಕಥೆ ಇನ್ನೂ ಸಂಕಟದ್ದು. 1861, 1871ರ ಹಾಳೆಗಳನ್ನು ಅಂಕಿಅಂಶ ತೆಗೆದುಕೊಂಡ ಮೇಲೆ ಸರ್ಕಾರವೇ ಉಳಿಸಲಿಲ್ಲ. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಗದದ ಬರಗಾಲದಲ್ಲಿ ಅರೆದು ಹೋದವು. ಅದಕ್ಕೂ ಹಿಂದಿನ ನಾಲ್ಕು ಗಣತಿಗಳು 1922ರ ಜೂನ್ ಕೊನೆಯಲ್ಲಿ, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸರ್ಕಾರಿ ಪತ್ರಾಗಾರ ಸ್ಫೋಟಿಸಿ ಉರಿದಾಗ ಬಹುತೇಕ ಬೂದಿಯಾದವು. ಪೂರ್ತಿಯಾಗಿ ಉಳಿದ ಹಳೆಯ ಗಣತಿಗಳು 1901 ಮತ್ತು 1911ರವು. ಎರಡೂ ಜಾಲದಲ್ಲಿ ಉಚಿತ.

ಆದರೆ ಬೂದಿಯ ನಡುವೆಯೂ ಒಂದಷ್ಟು ಹೆಸರು ಬದುಕಿದವು, ಅದೂ ವೃದ್ಧಾಪ್ಯ ವೇತನದಿಂದ. 1908ರ ಕಾಯ್ದೆಯಂತೆ 70 ತುಂಬಿದ ಬಡವರಿಗೆ ಪಿಂಚಣಿ ನಿಗದಿಯಾಯಿತು. ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ, ಮುದುಕರ ಹತ್ತಿರ ಪುರಾವೆ ಎಲ್ಲಿಂದ ಬರಬೇಕು? ಅವರು ಅರ್ಜಿ ಹಾಕಿ 1841, 1851ರ ಗಣತಿಯಲ್ಲಿ ತಮ್ಮ ಬಾಲ್ಯದ ಮನೆಯನ್ನು ಹುಡುಕಿಸಿದರು. ಗುಮಾಸ್ತರು ಕಂಡದ್ದನ್ನು ಅರ್ಜಿಯ ಮೇಲೆ ಬರೆದುಕೊಟ್ಟರು. ಮೂಲ ಗಣತಿ ಸುಟ್ಟಿತು, ಅರ್ಜಿಗಳು ಉಳಿದವು. ಇಂದು ಆ ಅರ್ಜಿಗಳನ್ನೂ ಜಾಲದಲ್ಲಿ ಹುಡುಕಬಹುದು. 1839ರ ಜನವರಿ 6ರ ರಾತ್ರಿ ಬೀಸಿದ ಮಹಾ ಬಿರುಗಾಳಿ ನೆನಪಿದೆಯೇ ಎಂದು ಕೇಳಿ ವಯಸ್ಸು ನಿರ್ಧರಿಸಿದ್ದೂ ಉಂಟು.

● ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ಗಣತಿ 1942ರ ಡಿಸೆಂಬರಿನಲ್ಲಿ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಹೋಯಿತು. ಬಾಂಬಿಗೂ ಅದಕ್ಕೂ ಸಂಬಂಧವಿಲ್ಲ. ಯುದ್ಧದ ಕಾರಣ 1941ರಲ್ಲಿ ಗಣತಿಯೇ ನಡೆಯಲಿಲ್ಲ. ಹಾಗಾಗಿ 1921ರ ನಂತರ ಅಲ್ಲಿ ತೆರೆಯಲಿರುವ ಗಣತಿ 1951ರದ್ದು, ಅದೂ ನೂರು ವರ್ಷ ತುಂಬಿದ ಮೇಲೆ.

● ಈ ಮೂವತ್ತು ವರ್ಷದ ಕಂದಕಕ್ಕೆ ಒಂದೇ ಸೇತುವೆ 1939ರ ರಿಜಿಸ್ಟರ್. ಯುದ್ಧ ಶುರುವಾದ ತಿಂಗಳಲ್ಲೇ, ಸೆಪ್ಟೆಂಬರ್ 29ರಂದು, ಗುರುತಿನ ಚೀಟಿ ಕೊಡುವುದಕ್ಕಾಗಿ ತಯಾರಾದದ್ದು. ಅದರಲ್ಲಿ ಹುಟ್ಟಿದ ತಾರೀಖೇ ಇದೆ. ಮುಂದೆ ಸಾರ್ವಜನಿಕ ಆರೋಗ್ಯ ಸೇವೆಯವರು ಅದೇ ಪುಸ್ತಕವನ್ನು ಬಳಸುತ್ತ ಹೋದದ್ದರಿಂದ, ನಂತರ ಮದುವೆಯಾಗಿ ಹೆಸರು ಬದಲಾದ ಹೆಂಗಸರ ಹೊಸ ಮನೆತನದ ಹೆಸರನ್ನೂ ಅಲ್ಲೇ ಬೇರೆ ಶಾಯಿಯಲ್ಲಿ ಬರೆದಿದ್ದಾರೆ. ಒಂದೇ ಸಾಲಿನಲ್ಲಿ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡೂ ಸಿಗುವುದು ವಂಶ ಹುಡುಕುವವರಿಗೆ ದೊಡ್ಡ ಭಾಗ್ಯ.

ಹುಡುಕುವ ಕೈಗೆ

● 1851ರ ಲಂಡನ್ ಗಣತಿಯಲ್ಲಿ ಕಾರ್ಲ್ ಮಾರ್ಕ್ಸ್ ಎಂದು ಹುಡುಕಿದರೆ ಸಿಗುವುದಿಲ್ಲ. ಸೋಹೊದ ಡೀನ್ ಸ್ಟ್ರೀಟಿನ ಮನೆಯಲ್ಲಿ ಅವರನ್ನು ಗಣತಿದಾರ ಬರೆದುಕೊಂಡದ್ದು ‘ಚಾರ್ಲ್ಸ್ ಮಾರ್ಕ್’ ಎಂದು. ಹೆಸರು ಕೇಳಿಸಿಕೊಂಡವನ ಕಿವಿ, ನಕಲು ಮಾಡಿದವನ ಕೈ, ನೂರೈವತ್ತು ವರ್ಷದ ಮೇಲೆ ಅದನ್ನು ಕಂಪ್ಯೂಟರಿಗೆ ಹೊಡೆದವರ ಕಣ್ಣು, ಈ ಮೂರು ಕಡೆ ಅಕ್ಷರ ತಪ್ಪಬಹುದು. ಹೆಸರು ಸಿಗದಿದ್ದರೆ ಮನೆತನದ ಹೆಸರನ್ನೇ ಬಿಟ್ಟು ಹುಟ್ಟೂರು, ವಯಸ್ಸು, ಹೆಂಡತಿಯ ಹೆಸರು ಕೊಟ್ಟು ನೋಡಿ. ಅನುಮಾನದ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ. ಸಿಕ್ಕಿದ ಮೇಲೆ ಟೈಪು ಮಾಡಿದ ಸಾಲನ್ನು ನಂಬಿ ಎದ್ದು ಬಿಡಬೇಡಿ. ಮೂಲ ಪುಟದ ಚಿತ್ರ ತೆರೆದು ಮೇಲಿನ ಮನೆ, ಕೆಳಗಿನ ಮನೆ ಎರಡನ್ನೂ ಓದಿ. ಹೆಣ್ಣು ಕೊಟ್ಟವರು, ತಂದವರು ಎಷ್ಟೋ ಸಲ ಎರಡು ಬಾಗಿಲು ಆಚೆಗೇ ಇರುತ್ತಾರೆ.

● ಕಾಗುಣಿತ ಬೇರೆಯಾದರೂ ಉಚ್ಚಾರ ಒಂದೇ ಇರುವ ಹೆಸರುಗಳನ್ನು ಒಟ್ಟಿಗೆ ತರಲು ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಪದ್ಧತಿ ಇಂದಿಗೂ ಕೆಲವು ತಾಣಗಳ ಹುಡುಕಾಟದಲ್ಲಿದೆ. ಮೊದಲ ಇಂಗ್ಲಿಷ್ ಅಕ್ಷರ ಇಟ್ಟುಕೊಂಡು, ಸ್ವರಗಳನ್ನೂ ಎಚ್, ಡಬ್ಲ್ಯು, ವೈ ಅಕ್ಷರಗಳನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುವುದು. ನಮ್ಮ ಹೆಸರುಗಳ ಮೇಲೂ ಇದು ನಡೆಯುತ್ತದೆ. ಗೌಡ ಎಂಬುದನ್ನು ಇಂಗ್ಲಿಷಿನಲ್ಲಿ ಯಾವ ಬಗೆಯಲ್ಲಿ ಬರೆದರೂ ಬರುವುದು ಜಿ-300. ಶೆಟ್ಟಿ, ಸೆಟ್ಟಿ ಎರಡೂ ಎಸ್-300. ಚೆಟ್ಟಿ ಮಾತ್ರ ಸಿ-300, ಏಕೆಂದರೆ ಮೊದಲಕ್ಷರ ಬದಲಾದರೆ ಈ ಪದ್ಧತಿ ಕೈಕೊಡುತ್ತದೆ. ಮೊದಲಕ್ಷರ ಬದಲಿಸಿ ಬೇರೆಯಾಗಿ ಹುಡುಕುವುದು ನಮ್ಮ ಕೆಲಸ.

● 1880ರ ಅಮೆರಿಕದ ಸೌಂಡೆಕ್ಸ್ ಸೂಚಿಯಲ್ಲಿ ಹತ್ತು ವರ್ಷ ಅಥವಾ ಅದಕ್ಕೂ ಕಿರಿಯ ಮಕ್ಕಳಿದ್ದ ಮನೆಗಳು ಮಾತ್ರ ಇವೆ. ಅದನ್ನು ಮಾಡಿಸಿದ್ದು 1930ರ ದಶಕದಲ್ಲಿ, ಸಾಮಾಜಿಕ ಭದ್ರತಾ ಪಿಂಚಣಿಯ ವಯಸ್ಸು ತಾಳೆ ನೋಡಲು. ಅಷ್ಟು ಹೊತ್ತಿಗೆ ಪಿಂಚಣಿಯ ಹತ್ತಿರ ಬಂದಿದ್ದವರು ಆ ಮಕ್ಕಳೇ ತಾನೆ.

● 1940ರ ಅಮೆರಿಕದ ಹಾಳೆಯಲ್ಲಿ ಕೆಲವು ಹೆಸರುಗಳ ಪಕ್ಕ ವೃತ್ತದೊಳಗೆ ಒಂದು ಗುಣಾಕಾರದ ಗುರುತಿರುತ್ತದೆ. ಗಣತಿದಾರನಿಗೆ ವಿವರ ಹೇಳಿದವರು ಅವರು. ವಯಸ್ಸು ತಪ್ಪಿದ್ದರೆ ತಪ್ಪಿಸಿದ್ದು ಯಾರೆಂದೂ ಅದರಿಂದ ತಿಳಿಯುತ್ತದೆ.

● ಹಣ ಕೊಡಲೇಬೇಕೆಂದಿಲ್ಲ. ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್ ತಾಣದಲ್ಲಿ ಹೆಸರು ನೋಂದಾಯಿಸಿದರೆ ಸಾಕು, ಅಮೆರಿಕದ ಗಣತಿಗಳನ್ನು ಹುಡುಕಬಹುದು. ಆ ಸಂಸ್ಥೆ 1894ರಿಂದ ಊರೂರಿನ ದಾಖಲೆ ಕೂಡಿಹಾಕುತ್ತ ಬಂದಿದ್ದು, ತನ್ನ 24 ಲಕ್ಷ ಮೈಕ್ರೊಫಿಲ್ಮ್ ಸುರುಳಿಗಳ ಡಿಜಿಟಲೀಕರಣವನ್ನು 2021ರಲ್ಲಿ ಮುಗಿಸಿತು. ಬ್ರಿಟನ್ನಿಗೆ ಸ್ವಯಂಸೇವಕರು ನಡೆಸುವ ಫ್ರೀಸೆನ್ ಇದೆ, ನಾರ್ವೆಗೆ ಸರ್ಕಾರದ್ದೇ ಡಿಜಿಟಲ್‌ಆರ್ಕಿವೆಟ್. ಇಂಗ್ಲೆಂಡ್ ಮತ್ತು ವೇಲ್ಸಿನ 1921ರ ಗಣತಿಯನ್ನು 2022ರ ಜನವರಿಯಲ್ಲಿ ತೆರೆದದ್ದು ಹಣ ಕೊಟ್ಟು ನೋಡುವ ತಾಣದಲ್ಲಿ. ದುಡ್ಡು ತೆರುವ ಮೊದಲು ಉಚಿತದ್ದನ್ನು ಬರಿದು ಮಾಡಿಕೊಳ್ಳಿ.

ಹೆಸರು ಸಿಗದವರು

● 1860ರ ಅಮೆರಿಕದಲ್ಲಿ ಸುಮಾರು 39.5 ಲಕ್ಷ ಜನ ಗುಲಾಮರಾಗಿದ್ದರು. ಅವರಿಗಾಗಿ ಬೇರೆಯೇ ಹಾಳೆ. ಅದರಲ್ಲಿ ಮಾಲೀಕನ ಹೆಸರು ಇದೆ, ಅದರ ಕೆಳಗೆ ಸಾಲಾಗಿ ವಯಸ್ಸು, ಲಿಂಗ, ಮೈಬಣ್ಣ. ಹೆಸರಿಲ್ಲ. 35, ಗಂಡು, ಕಪ್ಪು. 8, ಹೆಣ್ಣು, ಕಪ್ಪು, ಹೀಗೆ ಪುಟಗಟ್ಟಲೆ. ಕಪ್ಪು ಜನರಲ್ಲಿ ಬಹುಪಾಲಿನವರ ಹೆಸರು ಮೊದಲ ಬಾರಿ ಗಣತಿಯಲ್ಲಿ ಕಾಣುವುದು 1870ರಲ್ಲಿ. ಅವರ ವಂಶಜರು ಹಿಂದೆ ಹಿಂದೆ ಹೋಗುತ್ತ 1870ಕ್ಕೆ ಬಂದು ಗೋಡೆಗೆ ಹಾಯುತ್ತಾರೆ. ‘ರೂಟ್ಸ್’ ಬರೆದ ಅಲೆಕ್ಸ್ ಹೇಲಿಯವರ ಹುಡುಕಾಟವೂ ವಾಷಿಂಗ್ಟನ್ನಿನ ಪತ್ರಾಗಾರದಲ್ಲಿ ಉತ್ತರ ಕೆರೊಲಿನಾದ 1870ರ ಗಣತಿಯ ಫಿಲ್ಮಿನಿಂದಲೇ ಹೊರಟದ್ದು. ಅದಕ್ಕೂ ಹಿಂದೆ ಹೋಗಬೇಕಾದರೆ ಮಾಲೀಕನ ಉಯಿಲು, ಆಸ್ತಿ ಪಾಲುಪಟ್ಟಿ ಓದಬೇಕು. ದನಕರು, ಮಂಚ, ಪಾತ್ರೆಗಳ ಸಾಲಿನಲ್ಲಿ ಆ ಹೆಸರುಗಳಿರುತ್ತವೆ.

● 1920, 1930, 1940ರ ಅಮೆರಿಕದ ಗಣತಿಗಳಲ್ಲಿ ‘ಹಿಂದೂ’ ಎಂಬುದು ಒಂದು ಜನಾಂಗದ ಹೆಸರು. ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ಸಿಖ್ಖರೂ ಮುಸಲ್ಮಾನರೂ ಅದೇ ಹೆಸರಿನಡಿ ಬಂದರು. ಭಾರತದಿಂದ ಹೋದ ಹಿರಿಯರನ್ನು ಆ ಗಣತಿಗಳಲ್ಲಿ ಹುಡುಕುವವರು ಆ ಕಾಲಮ್ಮನ್ನು ಧರ್ಮವೆಂದು ತಿಳಿಯಬಾರದು.

● ನಮ್ಮ ಮೊದಲ ಚುನಾವಣೆಯ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು. ಅವರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹೆಸರಿಲ್ಲದ ನೋಂದಣಿಯನ್ನು ಒಪ್ಪಲಿಲ್ಲ. ಬಹುಪಾಲು ಉತ್ತರದ ರಾಜ್ಯಗಳ ಮಾತಿದು, ಆದರೆ ಅಜ್ಜಿಯ ಅಜ್ಜಿಯ ಹೆಸರೇನೆಂದು ಮನೆಯಲ್ಲಿ ಕೇಳಿ ನೋಡಿದರೆ ನಮ್ಮ ಕಡೆಯ ಸ್ಥಿತಿಯೂ ಗೊತ್ತಾದೀತು.

ನಮ್ಮವರು ಎಲ್ಲಿ?

● ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನ ಜೊತೆ ಇಂಗ್ಲೆಂಡಿಗೆ ಹೋದ. ಏಳು ವರ್ಷ ಅಲ್ಲೇ ಇದ್ದು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣಾದ. ಬ್ರಿಟಿಷ್ ಗಣತಿ ನಡೆದದ್ದು 1851ರಲ್ಲಿ, ಮತ್ತೆ 1861ರಲ್ಲಿ. ಅಂದರೆ ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರೆಲ್ಲರಿಗೂ ಪರಿಚಿತನಾದ ಈ ಅರಸ ಇಂಗ್ಲೆಂಡಿನ ಒಂದೇ ಒಂದು ಗಣತಿಗೂ ಸಿಕ್ಕಿಲ್ಲ. ಎರಡು ಗಣತಿಗಳ ನಡುವಿನ ಬಿಡುವಿನಲ್ಲಿ ಬಂದು ಹೋಗಿಬಿಟ್ಟ. ವಿಕ್ಟೋರಿಯಾ ರಾಣಿ ತಾಯಿಯ ಸ್ಥಾನದಲ್ಲಿ ನಿಂತು ದೀಕ್ಷಾಸ್ನಾನ ಮಾಡಿಸಿದ ಗೌರಮ್ಮ 1860ರಲ್ಲಿ ಕರ್ನಲ್ ಕ್ಯಾಂಪ್‌ಬೆಲ್ಲನನ್ನು ಮದುವೆಯಾಗಿ 1864ರಲ್ಲಿ ತೀರಿಕೊಂಡಳು. ಅವಳ ಇಂಗ್ಲೆಂಡ್ ವಾಸದ ನಡುವೆ ಬಂದ ಗಣತಿ 1861ರದ್ದೊಂದೇ, ಆ ಹೊತ್ತಿಗೆ ಅವಳು ಮಿಸೆಸ್ ಕ್ಯಾಂಪ್‌ಬೆಲ್.

● ಬ್ರಿಟಿಷ್ ಗಣತಿಯ ಹುಟ್ಟೂರಿನ ಕಾಲಮ್ಮಿನಲ್ಲಿ ಕನ್ನಡ ನಾಡಿನ ಊರುಗಳು ಹೇರಳ. ಹಳೆಯ ವೇಷದಲ್ಲಿ ಗುರುತು ಹಿಡಿಯಬೇಕು ಅಷ್ಟೆ: ಮಡಿಕೇರಿ ಅಲ್ಲಿ ಮರ್ಕಾರಾ, ಶ್ರೀರಂಗಪಟ್ಟಣ ಸೆರಿಂಗಪಟಂ, ಧಾರವಾಡ ಧಾರ್ವಾರ್, ಕೊಡಗು ಕೂರ್ಗ್. ‘ಫ್ರೆಂಚ್ ರಾಕ್ಸ್’ ಎಂದು ಕಂಡರೆ ಅದು ಹಿರೋಡೆ, ಇಂದಿನ ಪಾಂಡವಪುರ. ಎಷ್ಟೋ ಕಡೆ ಬರೀ ‘ಈಸ್ಟ್ ಇಂಡೀಸ್’ ಎಂದು ಮುಗಿಸಿಬಿಟ್ಟಿದ್ದಾರೆ. ಕೋಲಾರದ ಚಿನ್ನದ ಗಣಿಗೆ ಕಾರ್ನ್‌ವಾಲಿನಿಂದ ಬಂದವರ ಮನೆಗಳನ್ನು ಹುಡುಕುವವರು ಅಲ್ಲಿನ 1891, 1901, 1911ರ ಹಾಳೆಗಳಲ್ಲಿ ಯಜಮಾನನಿಲ್ಲದ ಮನೆಗಳನ್ನು ನೋಡಬೇಕು. ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಗಣತಿಗಿಂತ ಹೆಚ್ಚು ನೆರವಾಗುವುದು ಮದ್ರಾಸ್ ಪ್ರಾಂತ್ಯದ ಚರ್ಚುಗಳ ದೀಕ್ಷೆ, ಮದುವೆ, ಸಮಾಧಿಯ ಪಟ್ಟಿಗಳು. ಬ್ರಿಟಿಷ್ ಲೈಬ್ರರಿಯಲ್ಲಿರುವ ಅವುಗಳ ಪ್ರತಿಗಳು ಜಾಲಕ್ಕೂ ಬಂದಿವೆ.

● ಹಾಗಾದರೆ ಮೈಸೂರು ಸೀಮೆಯ ಹಳ್ಳಿಯಲ್ಲಿದ್ದ ನಮ್ಮ ಮುತ್ತಜ್ಜ 1881ರ ಗಣತಿಯಲ್ಲಿ ಸಿಗುತ್ತಾನೆಯೇ? ಇಲ್ಲ. ಇದನ್ನು ಎಷ್ಟು ಬೇಗ ಒಪ್ಪಿಕೊಂಡರೆ ಅಷ್ಟು ಒಳ್ಳೆಯದು. ಅವನನ್ನು ಎಣಿಸಿದರು, ಅವನ ಹೆಸರನ್ನೂ ಬರೆದುಕೊಂಡರು, ಕೋಷ್ಟಕ ಆದ ಮೇಲೆ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. 1901ರಿಂದ ಪ್ರತಿ ವ್ಯಕ್ತಿಗೊಂದು ಚೀಟಿ ಮಾಡಿ, ಧರ್ಮಕ್ಕೊಂದು ಬಣ್ಣದ ಕಾಗದ ಬಳಸಿ, ಗೂಡುಗಳಲ್ಲಿ ವಿಂಗಡಿಸಿ ಎಣಿಸುತ್ತಿದ್ದರು. ಎಣಿಕೆ ಮುಗಿದರೆ ಚೀಟಿಗೆ ಬೆಲೆ ಇಲ್ಲ. ಸ್ವಾತಂತ್ರ್ಯದ ನಂತರದ ಹಾಳೆಗಳೂ ತೆರೆಯುವುದಿಲ್ಲ: 1948ರ ಜನಗಣತಿ ಕಾಯ್ದೆಯ 15ನೆಯ ಕಲಮಿನಂತೆ ಗಣತಿದಾರನ ದಾಖಲೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಇಷ್ಟು ವರ್ಷದ ನಂತರ ತೆರೆಯಬೇಕೆಂಬ ಗಡುವೂ ಇಲ್ಲ. ಜನ ಭಯವಿಲ್ಲದೆ ನಿಜ ಹೇಳಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ನೂರು ವರ್ಷದ ನಂತರವಾದರೂ ತೆರೆಯುವ ಒಂದು ಬಾಗಿಲು ನಮ್ಮ ಮೊಮ್ಮಕ್ಕಳಿಗೆ ಬೇಕಿತ್ತು ಎಂದೇ ನನ್ನ ನಂಬಿಕೆ.

● ಇಡೀ ಭಾರತದಲ್ಲಿ ಒಂದೇ ದಿನ ನಡೆದ ಮೊದಲ ಗಣತಿ 1881ರ ಫೆಬ್ರವರಿ 17ರದ್ದು. ಅಂದಿನ ಗಣತಿಗಳಿಗೆ ಆರಿಸುತ್ತಿದ್ದದ್ದು ಬೆಳದಿಂಗಳಿರುವ, ಜಾತ್ರೆ-ಮದುವೆಗಳ ಓಡಾಟ ಕಡಿಮೆಯಿರುವ ರಾತ್ರಿ. ದೀಪವಿಲ್ಲದ ಹಳ್ಳಿಯಲ್ಲಿ ಶಾನುಭೋಗ ಮನೆ ಮನೆ ತಿರುಗಬೇಕಲ್ಲ.

● ಹೆಸರಿಲ್ಲದ ಕೋಷ್ಟಕಗಳೂ ಮನೆತನದ ಕಥೆ ಹೇಳುತ್ತವೆ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. ಹತ್ತು ವರ್ಷದ ಮೇಲೆ 1881ರಲ್ಲಿ ಅದು 42 ಲಕ್ಷಕ್ಕೂ ಕಡಿಮೆ. ನಡುವೆ ಬಂದದ್ದು 1876-78ರ ಭೀಕರ ಬರ, ಹಿರಿಯರ ಬಾಯಲ್ಲಿ ಧಾತು-ಈಶ್ವರ ವರ್ಷದ ಬರ. ನಿಮ್ಮ ಮನೆತನ ಯಾವುದೋ ಊರಿನಿಂದ ಎದ್ದು ಇನ್ನೆಲ್ಲಿಗೋ ಬಂದ ಕಥೆ ಆ ಕಾಲದ್ದಾದರೆ, ಎರಡೂ ವರದಿಗಳ ತಾಲ್ಲೂಕುವಾರು ಪುಟಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಬ್ರಿಟಿಷರ ಕಾಲದ ಗಣತಿ ವರದಿಗಳು ಭಾರತದ ಜನಗಣತಿ ಇಲಾಖೆಯ ತಾಣದಲ್ಲೇ ಸಿಗುತ್ತವೆ.

● ಹಳೆಯ ಜಾತಕದಲ್ಲಿ ಇಸವಿ ಇಲ್ಲದಿದ್ದರೂ ಸಂವತ್ಸರ ಇರುತ್ತದೆ. ಮೊದಲನೆಯದಾದ ಪ್ರಭವ ಬಂದದ್ದು 1867-68, 1927-28, 1987-88ರಲ್ಲಿ. ಅಲ್ಲಿಂದ ಬೆರಳು ಮಡಿಚಿ ಎಣಿಸಿದರೆ ಹತ್ತನೆಯದಾದ ಧಾತು 1876-77. ಅರವತ್ತು ವರ್ಷದ ಎರಡು ಸುತ್ತಿನಲ್ಲಿ ಯಾವುದೆಂದು ಮಕ್ಕಳ ವಯಸ್ಸಿನಿಂದ ತೀರ್ಮಾನವಾಗುತ್ತದೆ.

● ಗಣತಿ ಬಿಟ್ಟದ್ದನ್ನು ಹಿಡಿದಿಟ್ಟವರು ಬೇರೆ ಇದ್ದಾರೆ. ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಬಂದು ಒಕ್ಕಲು ಮನೆಗಳ ವಂಶಾವಳಿಯನ್ನು ತಲೆಮಾರುಗಳ ಹಿಂದಿನಿಂದ ಹೇಳಿ ಕಾಳುಕಡಿ ಪಡೆಯುವವರು. ಮನೆಗೆ ಬಂದರೆ ಕೂರಿಸಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ತಾಲ್ಲೂಕು ಕಚೇರಿಯಲ್ಲಿ ಕೈಬರಹದ ಪಹಣಿ, ಮ್ಯುಟೇಷನ್ ವಹಿ, ಇನಾಂ ಕಡತಗಳಿವೆ. ತಂದೆಯ ಹೆಸರಿಲ್ಲದೆ ಜಮೀನು ಮಗನಿಗೆ ಇಳಿಯುವುದಿಲ್ಲವಲ್ಲ. ‘ಭೂ ಸುರಕ್ಷಾ’ ಯೋಜನೆಯಡಿ ಇಂಥ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಹಳೆಯ ಶಾಲೆಯ ದಾಖಲಾತಿ ರಿಜಿಸ್ಟರನ್ನೂ ಮರೆಯಬೇಡಿ.

● ಕೂಲಿಗೆಂದು ಕಡಲು ದಾಟಿದವರ ಹೆಸರು ಊರಲ್ಲಿ ಉಳಿದವರಿಗಿಂತ ಚೆನ್ನಾಗಿ ಉಳಿದಿದೆ. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕದ ನಟಾಲಿಗೆ ಕರಾರಿನ ಮೇಲೆ ಹೋದ 1,52,184 ಜನರ ಹಡಗಿನ ಪಟ್ಟಿಗಳಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಮಚ್ಚೆ ಕೂಡ ಇವೆ. ಮದ್ರಾಸಿನಿಂದ ಹಡಗು ಹತ್ತಿದವರಲ್ಲಿ ಮೈಸೂರು ಸೀಮೆಯವರೂ ಇದ್ದಾರೆ. ಮಾರಿಷಸ್ಸಿಗೆ ಹೋದವರ ದಾಖಲೆ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿದೆ, ಎಷ್ಟೋ ಜನರ ಭಾವಚಿತ್ರ ಸಮೇತ. ದುಡಿಸಿಕೊಳ್ಳುವವರಿಗೆ ಆಳು ತಪ್ಪಿಸಿಕೊಳ್ಳದಂತೆ ಗುರುತು ಬೇಕಿತ್ತು. ಆ ಗುರುತೇ ಇಂದು ಮೊಮ್ಮಕ್ಕಳ ಮೊಮ್ಮಕ್ಕಳನ್ನು ಹಳ್ಳಿಯ ಬಾಗಿಲಿಗೆ ತಂದು ನಿಲ್ಲಿಸುತ್ತಿದೆ.

● ಭಾರತದಲ್ಲೂ ಒಂದು ಕಡೆ ಗಣತಿಯ ಹೆಸರುಗಳು ಜಾಲಕ್ಕೆ ಬಂದವು. 1951ರ ಜನಗಣತಿಯ ಚೀಟಿಗಳಿಂದ ತಯಾರಾದ ನಾಗರಿಕರ ನೋಂದಣಿ ಪುಸ್ತಕವನ್ನು 2015ರಲ್ಲಿ ಅಸ್ಸಾಮಿನಲ್ಲಿ ಹುಡುಕಲು ತೆರೆದರು. ಆ ಪುಸ್ತಕವನ್ನು ಹೊಸದಾಗಿ ತಯಾರಿಸುವಾಗ 3.3 ಕೋಟಿ ಅರ್ಜಿದಾರರು ಅಜ್ಜನ ಹೆಸರನ್ನು ಅಲ್ಲಿ ಅಥವಾ 1971ರವರೆಗಿನ ಮತದಾರರ ಪಟ್ಟಿ ಮೊದಲಾದ ದಾಖಲೆಗಳಲ್ಲಿ ಪತ್ತೆಹಚ್ಚಿ ತಮ್ಮ ನಂಟು ತೋರಿಸಬೇಕಾಯಿತು. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಬೇರೆ ದೇಶಗಳಲ್ಲಿ ಸಂಜೆಯ ಹವ್ಯಾಸವಾಗಿರುವ ಕೆಲಸ ಅಲ್ಲಿ ನಾಗರಿಕತ್ವದ ಪ್ರಶ್ನೆಯಾಯಿತು. ಅಜ್ಜನ ಹೆಸರಿನ ಒಂದು ಕಾಗುಣಿತ ತಪ್ಪಿದ್ದಕ್ಕೆ ಜನ ಕಚೇರಿಯಿಂದ ಕಚೇರಿಗೆ ಅಲೆದರು.

● ಬದುಕಿರುವವರ ಹುಟ್ಟಿದ ತಾರೀಖು, ತಾಯಿಯ ತವರಿನ ಹೆಸರು ಇವನ್ನು ಸಾರ್ವಜನಿಕ ವಂಶವೃಕ್ಷದಲ್ಲಿ ಹಾಕಬೇಡಿ. ಬ್ಯಾಂಕುಗಳು ಗುರುತಿಗೆ ಕೇಳುವ ಪ್ರಶ್ನೆಗಳ ಉತ್ತರಗಳೂ ಅವೇ.

● ಅಮೆರಿಕದ 1960ರ ಗಣತಿ 72 ವರ್ಷ ತುಂಬಿ 2032ರ ಏಪ್ರಿಲ್‌ನಲ್ಲಿ ತೆರೆಯಬೇಕು. ಓದಲೆಂದು ಅಲ್ಲಿಗೆ ಹೋದ ಆ ತಲೆಮಾರಿನ ಕನ್ನಡಿಗರನ್ನು ಅದರಲ್ಲಿ ಹುಡುಕಬೇಕು. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದವರು. ಅವರ ಪೂರ್ತಿ ಹೆಸರು ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್. ಅಮೆರಿಕದ ಗಣತಿದಾರನಿಗೆ ಇದರಲ್ಲಿ ಮನೆತನದ ಹೆಸರು ಯಾವುದಾಗಿ ಕಂಡಿತೋ, ಆದ್ದರಿಂದ ಮೂರು ಹೆಸರಿನಡಿಯಲ್ಲೂ ಹುಡುಕಿ, ಕೊನೆಗೆ ಆ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್‌ಟನ್ ಊರಿನ ಪುಟಗಳನ್ನು ಒಂದೊಂದಾಗಿ ತಿರುವಬೇಕಾದೀತು.